ಮಾಸ್ತರ ಅಂದ್ನೋ, ಮಂದಿ ಅಂದ್ರೋ

ಗಿರಾಕಿ ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂರುವಷ್ಟರಲ್ಲಿ ಅವರು ಕೊಳ್ಳುವವರೋ, ಹೊತ್ತು ಕಳೆಯಲು ಬಂದವರೋ ಎಂದು ನಾನು ಅಳೆದುಬಿಡುತ್ತೇನೆ. ಸುಲ್ತಾನ್ ಬಜಾರಿನಲ್ಲಿ ಇಳಕಲ್ಲ ಸೀರೆ ಮಾರಿ ಬದುಕುವವನಿಗೆ ಇಷ್ಟಾದರೂ ಬರಬೇಕು. ಮೌನಪ್ಪ ಮೊದಲ ದಿನ ಅಕ್ಕನ ಹಿಂದೆ ಬಂದು ನಿಂತಾಗ ಅವನನ್ನೂ ಹಾಗೆಯೇ ಅಳೆದೆ. ವಯಸ್ಸು ನಲವತ್ತು ದಾಟಿದೆ. ಅಂಗಿಗೆ ಇಸ್ತ್ರಿ ಇದೆ, ಗುಂಡಿ ಮಾತ್ರ ಒಂದು ಮನೆ ತಪ್ಪಿ ಕೂತಿದೆ. ಉಗುರು ಕತ್ತರಿಸಿದ ಕೈ. ಸೀರೆ ಮುಟ್ಟಲು ಅಡ್ಡಿಯಿಲ್ಲ. ಕಣ್ಣು ನನ್ನ ಮೇಲಿಲ್ಲ, ನನ್ನ ಹೆಗಲಿನಾಚೆ ಯಾರನ್ನೋ ನೋಡುತ್ತಿದೆ. ಜವಳಿಯ ಮಾತಿನಲ್ಲಿ ಹೇಳುವುದಾದರೆ ನೂಲು ಗಟ್ಟಿ, ಬಣ್ಣ ಮಾಸಿದೆ, ನಡುವೆ ಎಲ್ಲೋ ಎಳೆ ಬಿಟ್ಟಿದೆ. ಇಂಥ ಮಾಲನ್ನು ಯಾರೂ ಎದುರಿನ ಕಪಾಟಿನಲ್ಲಿ ಇಡುವುದಿಲ್ಲ.

ಅವನ ಅಕ್ಕ ನಳಿನಿಬಾಯಿ ತಾರ್ನಾಕದವರು. ವಿಶ್ವವಿದ್ಯಾಲಯದ ಕಚೇರಿಯಲ್ಲಿ ನೌಕರಿ. ಚೌಕಾಸಿಯಲ್ಲಿ ಎಷ್ಟೋ ಸಲ ನನ್ನ ಬೆವರಿಳಿಸಿದ ಹೆಣ್ಣುಮಗಳು. ಆದರೆ ತಮ್ಮನ ವಿಷಯದಲ್ಲಿ ಮಾಲಿನ ದೋಷ ಮುಚ್ಚಲಿಲ್ಲ.

"ನೋಡ್ರಿ ಸಾಹುಕಾರ್ರ, ಇವಗ ಸ್ಕಿಜೋಫ್ರೀನಿಯಾ ಐತಿ. ಕಾಲೇಜಿನ್ಯಾಗಿದ್ದಾಗ ಸುರು ಆತು. ಗುಳಿಗಿ ತಪ್ಪಸೂದಿಲ್ಲ. ಯಾರಿಗೂ ಏನೂ ಮಾಡೂದಿಲ್ಲ. ಆದ್ರ ಕಿವ್ಯಾಗ ಒಬ್ಬ ಮಾತಾಡ್ತಾನ. ಗುಳಿಗಿಯಿಂದ ಭಾಳ ಕಡಿಮಿ ಆಗೇತಿ, ಪೂರ್ತಿ ಹೋಗಿಲ್ಲ."

"ಯಾರ್ರಿ ಅವ?"

ಉತ್ತರ ಮೌನಪ್ಪನೇ ಕೊಟ್ಟ. "ಮಾಸ್ತರ."

"ಏನಂತಾನ ಮಾಸ್ತರ?"

"ನಾ ಕಳ್ಳ ಅಂತಾನ್ರಿ."

ಕೆಲಸ ಕೇಳಿಕೊಂಡು ಅಂಗಡಿಗೆ ಬಂದವನು ಇಷ್ಟು ನೆಟ್ಟಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಳ್ಳರಾದವರೆಲ್ಲ ಮೊದಲ ದಿನ ತಮ್ಮ ಪ್ರಾಮಾಣಿಕತೆಯ ಬಗ್ಗೆಯೇ ಭಾಷಣ ಮಾಡುತ್ತಾರೆ.

"ಕದ್ದೀಯೇನು ಮತ್ತ?"

"ಇಲ್ರಿ. ಅದನ್ನ ಅವಗ ಹೇಳಿ ಹೇಳಿ ಸಾಕಾಗೇತಿ."

ಇಟ್ಟುಕೊಂಡೆ. ಗಿರಾಕಿಗಳು ಎಳೆದು ಹಾಸಿ, ಮುಖ ಸಿಂಡರಿಸಿ, ಬಿಟ್ಟು ಹೋದ ಸೀರೆಗಳನ್ನು ಮತ್ತೆ ಘಡಿ ಮಾಡುವ ಕೆಲಸ. ನಮ್ಮ ಹಳೆಯ ಮಾರಾಟಗಾರ ಬೂದೆಪ್ಪನಿಗೆ ನಾಲಿಗೆ ಎಷ್ಟು ಚುರುಕೋ ಘಡಿಯ ವಿಷಯದಲ್ಲಿ ಕೈ ಅಷ್ಟು ಭಾರ. ಮೌನಪ್ಪ ಹಿಂದಿನ ಮೂಲೆಯಲ್ಲಿ ಕೂತು ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದ. ಹೆಸರು ಮೌನಪ್ಪ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಕೊಂಡಾಪುರದ ಹೆಂಗಸೊಬ್ಬಳು ಒಂದೇ ಸೀರೆಗೆ ಅರ್ಧ ತಾಸು ಜಗ್ಗಾಡುತ್ತಿದ್ದಾಗ ಮೂಲೆಯಿಂದ "ಆಗೂದಿಲ್ಲ ಅಂದ್ನೆಲ್ಲಾ, ಹೋಗ!" ಎಂಬ ಮಾತು ಬಂತು. ಅದು ಮಾಸ್ತರನಿಗೆ ಹೇಳಿದ್ದು. ಆಕೆ ತನಗೇ ಎಂದುಕೊಂಡು ನಾನು ಹೇಳಿದ ಬೆಲೆಗೆ ಒಪ್ಪಿದಳು. ನಾನು ಏನನ್ನೂ ತಿದ್ದಲು ಹೋಗಲಿಲ್ಲ.

ಕೆಟ್ಟದ್ದು ಚಹಾದ ಹೊತ್ತಿನಲ್ಲಿ. ಬೂದೆಪ್ಪ "ಮೌನಪ್ಪಾ, ಚಹಾ ಬಂತು ಬಾರಪಾ" ಎಂದು ಕೂಗಿದ. ಅವನು ಎದ್ದು ಬಂದ. ಬೂದೆಪ್ಪ ಮುಖ ಬಿಗಿದುಕೊಂಡು, "ಯಾರು ಕರದ್ರು? ಯಾರೂ ಕರದಿಲ್ಲಲ್ಲ" ಎಂದ. ಬಜಾರಿನಲ್ಲಿ ಇಂಥ ಚೇಷ್ಟೆ ಚಹಾದ ಜೊತೆ ಪುಕ್ಕಟೆ. ಆದರೆ ಮೌನಪ್ಪ ಚಹಾ ಮುಟ್ಟಲಿಲ್ಲ. ಗೋಡೆ ಹಿಡಿದು ಹೋಗಿ ತನ್ನ ಮೂಲೆಯಲ್ಲಿ ಕೂತ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನಾನೇ ತಾರ್ನಾಕಕ್ಕೆ ಹೋದೆ.

"ಸಾಹುಕಾರ್ರ," ಅಂದ, "ಮಾಸ್ತರ ಅಂದಿದ್ದು ಯಾವುದು, ಮಂದಿ ಅಂದಿದ್ದು ಯಾವುದು, ಇಷ್ಟ ತಿಳದ್ರ ನಾ ಹೆಂಗರ ದುಡಕೊಂಡು ಇರ್ತೀನ್ರಿ. ಅದ ತಿಳೀಲಿಲ್ಲಂದ್ರ ಮತ್ತ ಮೊದಲಿನಂಗ ಬಾಗಲಾ ಹಾಕ್ಕೊಂಡು ಮನ್ಯಾಗ ಕುಂದ್ರೂದ."

ಹಾಗೆ ಬಾಗಿಲು ಹಾಕಿಕೊಂಡು ಅವನು ಎಷ್ಟೋ ವರ್ಷ ಕೂತಿದ್ದನೆಂದು ಅಕ್ಕ ಹೇಳಿದರು. ನಮ್ಮ ಅಂಗಡಿಯೇ ಅವನು ಅಲ್ಲಿಂದ ಹೊರಗಿಟ್ಟ ಮೊದಲ ಹೆಜ್ಜೆಯಂತೆ.

"ತಿಳೀದಿದ್ದಾಗ ನನ್ನ ಕೇಳು. ನಾ ಹೇಳ್ತೀನಿ," ಅಂದೆ. ಅಂಗಡಿಗೆ ಬಂದು ಬೂದೆಪ್ಪನಿಗೂ ಹೇಳಿದೆ: "ಇವತ್ತಿನಿಂದ ನಮ್ಮಲ್ಲಿ ಸುಳ್ಳು ಗಿರಾಕಿಗಷ್ಟ. ಮೌನಪ್ಪಗ ಬ್ಯಾಡ."

"ಅಂದ್ರ ನಾ ಅವನ ಜೋಡಿ ಮಾತ ಆಡಬಾರ್ದನ್ರಿ?" ಅಂದ ಬೂದೆಪ್ಪ.

ಆಮೇಲೆ ಮೌನಪ್ಪ ಆಗಾಗ ಕತ್ತೆತ್ತಿ ಕೇಳುತ್ತಿದ್ದ: "ಸಾಹುಕಾರ್ರ, ಮಾಸ್ತರ ಅಂದ್ನೋ, ಮಂದಿ ಅಂದ್ರೋ?" ನಾನು "ಮಾಸ್ತರ" ಎಂದರೆ ಮುಗಿಯಿತು. ಎರಡನೇ ಸಲ ಕೇಳುತ್ತಿರಲಿಲ್ಲ. ಮತ್ತೆ ಅಂಚಿಗೆ ಅಂಚು.

ಅದೇ ವರ್ಷ ಅವನು ಚಿಕಿತ್ಸೆ ಪಡೆಯುವ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ಶುರುವಾಯಿತು. ಗುಳಿಗೆ ತೆಗೆದುಕೊಂಡರೂ ದನಿ ಪೂರ್ತಿ ನಿಲ್ಲದವರಿಗಾಗಿ. ಮೌನಪ್ಪನೂ ಸೇರಿಕೊಂಡ. ಕಂಪ್ಯೂಟರಿನಲ್ಲಿ ಆ ದನಿಗೊಂದು ಮುಖ ಕೊಡುತ್ತಾರೆ. ಮೂಗು, ಮೀಸೆ, ಕನ್ನಡಕ ಎಲ್ಲ ರೋಗಿ ಹೇಳಿದಂತೆ. ಪಕ್ಕದ ಕೋಣೆಯಲ್ಲಿ ಕೂತ ಚಿಕಿತ್ಸಕಿ ಆ ಮುಖದ ಬಾಯಿಂದ ಮಾತಾಡುತ್ತಾಳೆ. ರೋಗಿ ಎದುರು ಮಾತಾಡಲು ಕಲಿಯಬೇಕು. ವಾರ ವಾರಕ್ಕೆ ಆ ಮುಖ ಸ್ವಲ್ಪ ಸ್ವಲ್ಪ ಸೋಲುತ್ತಾ ಬರುತ್ತದೆ. ಇದನ್ನು ನನಗೆ ವಿವರಿಸಿದವಳು ಆ ಚಿಕಿತ್ಸಕಿ ದೀಪ್ತಿ. ಮೈಸೂರಿನ ಹುಡುಗಿ. ಮೌನಪ್ಪನೇ ಅವಳನ್ನು ಒಂದು ಸಂಜೆ ಅಂಗಡಿಗೆ ಕರೆದುಕೊಂಡು ಬಂದ.

"ಮೇಡಂಗ ಬೈಯಾಕ ಬರೂದಿಲ್ರಿ ಸಾಹುಕಾರ್ರ. ನೀವು ಕಲಸ್ರಿ."

ಆದದ್ದಿಷ್ಟು. ದೀಪ್ತಿ ಮಾಸ್ತರನಾಗಿ "ಏಯ್ ಮೌನಪ್ಪ, ನೀನು ಕಳ್ಳ ಕಣೋ!" ಎಂದಿದ್ದಾಳೆ. ಮೌನಪ್ಪ ಹೆದರುವುದು ಬಿಟ್ಟು ನಕ್ಕಿದ್ದಾನೆ. "ಇವ ಅವ ಅಲ್ರಿ. ಇವ ಮೈಸೂರಾಂವ. ನಮ್ಮ ಮಾಸ್ತರ ಕೊಪ್ಪಳದ ಕಡ್ಯಾವ."

"ಹೌದು ಸರ್," ಅಂದಳು ಆಕೆ, ಮುಖ ಕೆಂಪಾಗಿಸಿಕೊಂಡು. "ಭಯ ಆಗೋ ಹಾಗೆ ಹೇಳೋಕೆ ನನಗೆ ನಿಮ್ಮ ಕಡೆ ಮಾತು ಬರ್ತಿಲ್ಲ. ಹೇಳಿಕೊಡ್ತೀರಾ?"

ಬೂದೆಪ್ಪನ ಭಾಗ್ಯ ತೆರೆಯಿತು. ಗಂಟಲು ಸರಿಮಾಡಿಕೊಂಡು, "ಕಣೋ ಗಿಣೋ ತಗೀರಿ. ಹಿಂಗನ್ರಿ: ಲೇ ಮೌನ್ಯಾ, ಏನ್ ಮುಚ್ಚಿಟ್ಟೀದಿ? ಕೈ ತೋರಸಲೇ, ಕಳ್ಳಾ!" ಎಂದ. ಆಕೆ ಹೇಳಿದಳು. "ಇನ್ನೂ ಮೆತ್ತಗಾತ್ರಿ. ಇದು ಕೇಸರಿಬಾತ್ ಬಡಿಸಿದಂಗ ಆತು." ಮತ್ತೆ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಗಿರಾಕಿಯೊಬ್ಬರು ಚಪ್ಪಲಿ ಮೆಟ್ಟಿ ಹೊರಟುಹೋದರು. ಮೌನಪ್ಪ ತಲೆಯಾಡಿಸಿದ. "ಈಗ ಬಂದ ನೋಡ್ರಿ ಮಾಸ್ತರ."

"ಇದರಿಂದ ಗುಣ ಆಗತೈತೇನ್ರಿ?" ಎಂದು ದೀಪ್ತಿಯನ್ನು ಕೇಳಿದೆ.

"ಗೊತ್ತಿಲ್ಲ ಸರ್. ಬೇರೆ ಕಡೆ ಕೆಲವರಿಗೆ ಅನುಕೂಲ ಆಗಿದೆ. ನಮ್ಮ ಜನಕ್ಕೆ, ನಮ್ಮ ಮಾತಲ್ಲಿ ಆಗುತ್ತಾ ಅಂತ ನೋಡ್ಬೇಕು. ಅದಕ್ಕೇ ಅರ್ಧ ಜನಕ್ಕೆ ಇದು, ಇನ್ನರ್ಧ ಜನಕ್ಕೆ ಬರೀ ಸಾಂತ್ವನದ ಮಾತುಕತೆ. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ. ಕೊನೇಲಿ ಹೋಲಿಸ್ತೀವಿ."

ನಮ್ಮ ಮಾಲು ಒಳ್ಳೆಯದೋ ಕೆಟ್ಟದ್ದೋ ನಮಗೇ ಗೊತ್ತಿಲ್ಲ ಎಂದು ಮುಖಕ್ಕೇ ಹೇಳುವ ವ್ಯಾಪಾರವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಜಾರಿನಲ್ಲಿ ಹೀಗೆ ಮಾಡಿದರೆ ದೀಪಾವಳಿಯೊಳಗೆ ಬಾಗಿಲು ಹಾಕಬೇಕು. ಆದರೂ ಆಕೆಯ ಮಾತು ನನಗೆ ಹಿಡಿಸಿತು.

ನನಗೆ ಗೊತ್ತಿದ್ದದ್ದನ್ನೂ ಮೌನಪ್ಪನಿಗೆ ಹೇಳಿದೆ. "ಜಗ್ಗಾಡೋ ಗಿರಾಕಿ ಜೋಡಿ ಸಿಟ್ಟಿಗೇಳಬಾರ್ದು, ಎದ್ದು ಓಡಲೂಬಾರ್ದು. ಅವರು ಅನ್ನೂದೆಲ್ಲಾ ಅನ್ಲಿ. ಸಣ್ಣ ದನಿಯಾಗ ಒಮ್ಮೆ ಇಲ್ಲ ಅನ್ನು, ಕೈಯಾಗಿನ ಘಡಿ ಬಿಡಬ್ಯಾಡ." ಅವನು ಇದನ್ನು ಆಸ್ಪತ್ರೆಗೆ ಒಯ್ದ. ಕೆಲವು ವಾರಗಳಲ್ಲಿ ಮೂಲೆಯ ಕೂಗಾಟ ಇಳಿಯಿತು. ತುಟಿ ಮಾತ್ರ ಅಲುಗುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಗಚ್ಚಿಬೌಲಿಯ ಮಧುರಾಬಾಯಿ ಮಗಳ ಮದುವೆಯ ಜವಳಿಗೆ ಬಂದರು. ಜೊತೆಯಲ್ಲಿ ತಾಯಿಯ ಹಳೆಯ ಇಳಕಲ್ಲ ಸೀರೆ ತಂದಿದ್ದರು, ಅಂಥದೇ ಅಂಚು, ಅಂಥದೇ ದಡಿ ಬೇಕೆಂದು. ಗಾದಿಯ ತುಂಬ ಸೀರೆ ಹಾಸಿದೆವು. ಹೊರಡುವ ಹೊತ್ತಿಗೆ ತಾಯಿಯ ಸೀರೆ ಇಲ್ಲ.

"ಎಲ್ಲಿ ಹೋತ್ರಿ ಅವ್ವನ ಸೀರಿ?" ಹಾಸಿದ ಸೀರೆಗಳನ್ನು ಎತ್ತಿ ಎತ್ತಿ ನೋಡಿದರು. ಕಣ್ಣು ಮೂಲೆಗೆ ಹೋಯಿತು. "ಅಲ್ಲಿ ಕುಂತಾನಲ್ಲ, ತನ್ನಷ್ಟಕ್ಕ ತಾ ಗೊಣಗಾಕತ್ತಾನ, ಅವನ ತಗೊಂಡಾನ. ಕಳ್ಳ ಅದಾನವ!"

ಮಾಸ್ತರನ ಮಾತೇ, ಬೇರೆ ಬಾಯಿಂದ. ಮೌನಪ್ಪನ ಕೈ ನಿಂತುಬಿಟ್ಟಿತು. ನನ್ನ ಕಡೆ ತಿರುಗಿದ.

"ಸಾಹುಕಾರ್ರ, ಮಾಸ್ತರ ಅಂದ್ನೋ, ಮಂದಿ ಅಂದ್ರೋ?"

ಮಾಸ್ತರ ಎಂದುಬಿಟ್ಟರೆ ಎಲ್ಲ ಸಲೀಸು. ಅವನು ತಲೆ ತಗ್ಗಿಸುತ್ತಿದ್ದ, ನಾನು ಮಧುರಾಬಾಯಿಗೆ ಕೈಮುಗಿಯುತ್ತಿದ್ದೆ, ಮದುವೆಯ ಜವಳಿ ನಮ್ಮಲ್ಲೇ ಉಳಿಯುತ್ತಿತ್ತು. ಅವನ ಮನಸ್ಸು ನೋಯಬಾರದೆಂದು ಹಾಗೆ ಅಂದೆ ಎಂದು ಆಮೇಲೆ ಹೇಳಿಕೊಳ್ಳಲೂಬಹುದಿತ್ತು. ಬೂದೆಪ್ಪ ಕಣ್ಣಲ್ಲೇ ಅದನ್ನೇ ಸೂಚಿಸುತ್ತಿದ್ದ.

"ಮಂದಿ ಅಂದ್ರಪಾ," ಅಂದೆ. "ಈ ಅಕ್ಕಾರು ಅಂದ್ರು. ಖರೇನ ಅಂದ್ರು. ಆದ್ರ ಅವರು ಅಂದಿದ್ದು ಸುಳ್ಳು."

ಮೌನಪ್ಪ ಉಸಿರು ಬಿಟ್ಟ. "ಮಂದಿ ಅಂದ್ರಾ? ಹಂಗಾರ ಅಡ್ಡಿಯಿಲ್ಲ." ಮಧುರಾಬಾಯಿಯ ಕಡೆ ತಿರುಗಿ ಸಣ್ಣ ದನಿಯಲ್ಲಿ, "ನಾ ತಗೊಂಡಿಲ್ರಿ ಅಕ್ಕಾರ. ಹುಡಕೂಣ ತಡೀರಿ," ಅಂದ. ತಾನು ಮಡಚಿಟ್ಟ ರಾಶಿಯನ್ನು ಒಂದೊಂದಾಗಿ ಇಳಿಸಿದ. ಹೊಸ ಸೀರೆಗಳ ನಡುವೆ ಆ ಹಳೆಯ ಸೀರೆಯೂ ಅಂಚಿಗೆ ಅಂಚು ಕೂಡಿ ಕೂತಿತ್ತು. "ನಮ್ಮದ ಅಂತ ಘಡಿ ಮಾಡಿಟ್ಟೀನ್ರಿ. ತಪ್ಪು ನಂದ. ಕದ್ದಿಲ್ಲ." ಇವೆರಡೂ ಬೇರೆ ಬೇರೆ ಎಂಬುದು ಮಾಸ್ತರನಿಗೆ ಅಷ್ಟು ವರ್ಷಗಳಲ್ಲಿ ತಿಳಿದಿರಲಿಲ್ಲ.

ಮಧುರಾಬಾಯಿ ಸೀರೆಯನ್ನು ಎದೆಗವುಚಿಕೊಂಡು ಹೊರಟರು. ಜವಳಿ ಎದುರಿನ ಅಂಗಡಿಗೆ ಹೋಯಿತು. "ಖರೇ ಮಾತು ಭಾಳ ತುಟ್ಟಿ ಬಿತ್ರಿ," ಅಂದ ಬೂದೆಪ್ಪ. ನಾನು ಚಹಾ ತರಿಸಿದೆ. ಮೌನಪ್ಪನನ್ನು ಬೂದೆಪ್ಪನೇ ಕರೆದ, ಕರೆದವನು ತಾನೇ ಎಂದು ಎರಡು ಸಲ ಹೇಳಿದ.

ದೀಪ್ತಿಯ ಸಂಶೋಧನೆಯ ಫಲ ಇನ್ನೂ ಬಂದಿಲ್ಲ. ಕೇಳಿದಾಗಲೆಲ್ಲ ಆಕೆ "ಗೊತ್ತಿಲ್ಲ ಸರ್" ಅನ್ನುತ್ತಾಳೆ. ಗುಳಿಗೆ ನಡೆದಿದೆ. ಮಾಸ್ತರ ಈಗಲೂ ಬರುತ್ತಾನೆ, ಹೆಚ್ಚಾಗಿ ಅಂಗಡಿ ಮುಚ್ಚುವ ವೇಳೆಗೆ, ಕೊನೆಯ ಗಿರಾಕಿಯ ಹಾಗೆ. ಮೌನಪ್ಪ ಈಗ ಮೂಲೆ ಬಿಟ್ಟು ಗಿರಾಕಿಗಳ ಎದುರಿನ ಗಾದಿಯ ಮೇಲೆ ಕೂರುತ್ತಾನೆ. ಮಾರಾಟ ಅಷ್ಟಕ್ಕಷ್ಟೆ, ಬಣ್ಣ ಹೋಗುತ್ತದೆಯೇ ಎಂದು ಕೇಳಿದರೆ ಹೋಗುತ್ತದೆ ಎಂದುಬಿಡುತ್ತಾನೆ.

ನಾನು ಎಂಟು ಎಂದರೆ ನಾಲ್ಕು ಎಂದು ತಿಳಿದುಕೊಂಡು ಮಾತಿಗೆ ಕೂರುವ ಜನರ ನಡುವೆಯೇ ನನ್ನ ಬದುಕು ಕಳೆದಿದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ನನ್ನ ಮಾತನ್ನು ಹೇಳಿದ ಬೆಲೆಗೇ ತೆಗೆದುಕೊಂಡವನು ಮೌನಪ್ಪ ಒಬ್ಬನೇ. ಅವನು ಕೇಳಿದಾಗಲೆಲ್ಲ ನಿಜ ಹೇಳುವುದು ನಾನು ಅವನಿಗೆ ಕೊಡಬೇಕಾದ ಬಾಕಿ.