ಕೊಬ್ಬಿದ ಹುಂಜದ ಎದುರು

ಕೋಳಿ ಅಂಕದಲ್ಲಿ ಸೋತ ಹುಂಜ ಗೆದ್ದವನ ಪಾಲು. ಅವನು ಅದನ್ನು ಮನೆಗೆ ಒಯ್ದು ಊಟಕ್ಕೆ ಪದಾರ್ಥ ಮಾಡಿಸುತ್ತಾನೆ. ಅದರ ಪುಕ್ಕ ಕಿತ್ತು, ಸುಟ್ಟು, ಹೊಟ್ಟೆ ಬಿಡಿಸಿ ಕೊಡುವವಳು ನಾನು. ಮಲಯಾಳ ಸೀಮೆಗೆ ಸೇರಿದ ಎಡನೀರಿನಿಂದ ಒಳಗೆ, ಗೇರುಗುಡ್ಡದ ಬುಡದಲ್ಲಿ ಅಂಕ ನಡೆಯುವ ಕಡೆ ಒಂದು ಹಂಡೆ ನೀರು ಕಾಯಿಸಿಕೊಂಡು ಹತ್ತು ವರ್ಷ ಕೂತೆ. ಪೊಲೀಸರು ಬಂದರೆ ಗಂಡಸರೆಲ್ಲ ಗುಡ್ಡ ಹತ್ತುತ್ತಿದ್ದರು. ನಾನು ಏಳುತ್ತಿರಲಿಲ್ಲ. ಕೋಳಿ ನಾತದ ಹೆಂಗಸನ್ನು ಜೀಪಿಗೆ ಹತ್ತಿಸುವುದು ಯಾರಿಗೂ ಬೇಡ.

ಅಲ್ಲಿಗೆ ಗಡಿಯಾಚೆಯಿಂದ ಒಬ್ಬ ಸಾಹುಕಾರ ಬರತೊಡಗಿದ. ಎರಡು ಜೀಪು, ಹದಿನೈದು ಹುಂಜ, ಕೂಗಿ ಪಂಥ ಕಟ್ಟಲಿಕ್ಕೆ ಸಂಬಳದ ಜನ. ಅವನಿಗೆ ಬೇರೆ ಕಸುಬಿಲ್ಲ, ಊರೂರಿನ ಅಂಕವೇ ಕಸುಬು. ಕಿಸೆಯಲ್ಲಿ ಕೋಳಿ ಪಂಚಾಂಗ. ಯಾವ ವಾರ ಯಾವ ಬಣ್ಣದ ಹುಂಜ ಯಾವುದನ್ನು ಹೊಡೆಯುತ್ತದೆ ಎಂದು ಅಚ್ಚು ಹಾಕಿದ ಪುಸ್ತಕ ಅದು. ಅವನ ದುಡ್ಡು ಕಂಡು ಊರಿನವರು ಎದುರು ಕಟ್ಟಲು ಹೆದರಿದರು. ಎದುರಾಳಿ ಸಿಗದೆ ಅವನ ಜನವೇ ದರ ಏರಿಸಿದರು. "ನಮ್ಮದು ಗೆದ್ದರೆ ನಿಮ್ಮ ನೂರು ನಮಗೆ. ಸೋತರೆ ನಿಮಗೆ ಮುನ್ನೂರು! ಗಂಡಸರು ಯಾರೂ ಇಲ್ಲವಾ?"

ಅವನ ಹುಂಜಗಳೂ ಆಗಾಗ ಸಾಯುತ್ತಿದ್ದವು. ಹೊಟ್ಟೆ ಬಿಡಿಸಿದರೆ ಒಳಗೆ ಮುಷ್ಟಿಯಷ್ಟು ಹಳದಿ ಕೊಬ್ಬು. ಗೂಡಿನಲ್ಲಿಟ್ಟು ಬಾದಾಮಿ, ಮೊಟ್ಟೆ ತಿನ್ನಿಸಿದ್ದು. ಗದ್ದೆ ಕೆದಕಿ ಬೆಳೆದ ಊರ ಹುಂಜ ಒಳಗೆ ಹಗ್ಗದ ಹಾಗಿರುತ್ತದೆ. ಅವನದು ಮೊದಲ ನೆಗೆತಕ್ಕೇ ಕಾಲಿಗೆ ಕಟ್ಟಿದ ಕತ್ತಿ ಇಳಿಸಿದರೆ ಸರಿ. ಕಾದಾಟ ಎಳೆಯಿತೋ, ಕೊಕ್ಕು ತೆರೆದು ನಿಂತುಬಿಡುತ್ತಿತ್ತು. ಸೋತದ್ದು ಅವನ ಕೈಗೆ ತಿರುಗಿ ಹೋಗುವುದಿಲ್ಲವಲ್ಲ, ಹಾಗಾಗಿ ಆ ಕೊಬ್ಬನ್ನು ಅವನು ಕಂಡವನೇ ಅಲ್ಲ.

ನನಗೆ ಆಗ ಮೂರು ಸೆಂಟ್ ಜಾಗ ಬೇಕಿತ್ತು. ದಣಿಗಳ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದೆ. ದಣಿ ತೀರಿದ ಮೇಲೆ ಅವರ ಮಗ ಬಂದು ಹೇಳಿದ: "ಬಿಸು ಹಬ್ಬದೊಳಗೆ ಮೂರು ಸೆಂಟಿನ ದುಡ್ಡು ತಂದರೆ ನಿನ್ನ ಹೆಸರಿಗೆ ಮಾಡಿಕೊಡುವ. ಇಲ್ಲದಿದ್ದರೆ ಜೆಸಿಬಿ ಬರುತ್ತದೆ, ಮತ್ತೆ ನನ್ನನ್ನು ಬೈಯಬೇಡ."

ಹೆಂಗಸರು ಪಂಥ ಕಟ್ಟುವ ಕ್ರಮ ಇಲ್ಲ. ಪಕ್ಕದಲ್ಲಿ ಸೋಡಾ ಮಾರುವವನ ಕೈಯಲ್ಲಿ ಕಟ್ಟಿಸಿದೆ. ಗೆದ್ದರೆ ಅವನಿಗೂ ಸ್ವಲ್ಪ. ಸಾಹುಕಾರನ ಹುಂಜ ದಪ್ಪ ಕಂಡರೆ, ಎದುರಿನದು ಸಪೂರ ಇದ್ದು ಕಾಲು ಗಟ್ಟಿ ಇದ್ದರೆ ಮಾತ್ರ ಕಟ್ಟುವುದು. ಇಲ್ಲದಿದ್ದರೆ ದಿನವಿಡೀ ಪುಕ್ಕ ಕೀಳುವುದು.

"ಪುನಃ ಸೋತೆವು ಮಾರಾಯ್ತಿ. ನಿನಗೆ ತಲೆ ಸರಿ ಉಂಟಾ?" ಎಂದು ಸೋಡಾದವನು ಬೈಯುತ್ತಿದ್ದ.

ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಆರು ಸಲ ಸೋತರೆ ಹೋಗುವುದು ಆರು ನೂರು, ನಾಲ್ಕು ಸಲ ಗೆದ್ದರೆ ಬರುವುದು ಹನ್ನೆರಡು ನೂರು. ಸಾವಿರ ಕಟ್ಟಿದರೂ ಲೆಕ್ಕ ಅದೇ. ನಾನು ಶಾಲೆಗೆ ಹೋದದ್ದು ಎರಡು ವರ್ಷ, ಅಷ್ಟು ಲೆಕ್ಕಕ್ಕೆ ಅದು ಸಾಕು. ಯಾವ ಹುಂಜ ಗೆಲ್ಲುತ್ತದೆ ಎಂದು ದೇವರಿಗೂ ಗೊತ್ತಿಲ್ಲ. ಸಾಹುಕಾರನ ಜನ ಯಾವುದಕ್ಕೆ ಹೆಚ್ಚು ಕೊಡುತ್ತಾರೆ ಎಂದು ನನಗೆ ಗೊತ್ತಿತ್ತು.

ಎರಡು ಸೆಂಟಿನ ದುಡ್ಡಾಯಿತು. ಬಿಸುವಿಗೆ ಎರಡು ವಾರ ಇರುವಾಗ ಸಾಹುಕಾರ ನನ್ನ ಹಂಡೆಯ ಹತ್ತಿರ ಬಂದು ನಿಂತ. ನಾನು ಹೊಟ್ಟೆ ಬಿಡಿಸುತ್ತಿದ್ದದ್ದು ಅವನದೇ ಹುಂಜ. ಕೊಬ್ಬನ್ನು ಬೇಗ ಬೆಂಕಿಗೆ ಎಸೆದೆ.

"ಸೋಡಾದವನ ಹಿಂದೆ ಇರುವುದು ನೀನಂತೆ. ಯಾವ ಪಂಚಾಂಗ ನೋಡುವುದು?"

"ನನಗೆ ಓದಲಿಕ್ಕೆ ಸಮ ಬರುವುದಿಲ್ಲ."

"ಮತ್ತೆ ಎಂತ? ಮಾಟವಾ?"

"ಮಾಟ ಗೊತ್ತಿದ್ದರೆ ಕೋಳಿಯ ಕರುಳು ತೊಳೆಯಲಿಕ್ಕೆ ಕೂರುತ್ತಿದ್ದೆನಾ?"

ಅವನು ತನ್ನ ಜನರ ಕಡೆ ತಿರುಗಿ, "ಇನ್ನು ಸೋಡಾದವನ ದುಡ್ಡು ಹಿಡಿಯಬೇಡಿ" ಎಂದ.

ಅಲ್ಲಿಗೆ ದಾರಿ ಮುಚ್ಚಿತು. ಬೇರೆಯವರ ಕೈಯಲ್ಲಿ ಕಟ್ಟಿಸಿದರೆ ಅವರು ದುಡ್ಡು ತಿಂದು ಸೋತೆ ಎನ್ನುವವರು. ನಾನು ಕೈ ತೊಳೆದುಕೊಂಡು ಎದ್ದೆ.

"ನಿಮ್ಮ ಹುಂಜ ಯಾಕೆ ಸೋಲುವುದು ಅಂತ ಹೇಳುತ್ತೇನೆ. ಒಂದು ಸೆಂಟ್ ಜಾಗದ ದುಡ್ಡು ಕೊಡಿ. ಮೊದಲು ದುಡ್ಡು."

ಅವನ ಜನ ನಕ್ಕರು. ಅವನು ನಗಲಿಲ್ಲ. ಆ ದಿನ ಅವನ ನಾಲ್ಕು ಹುಂಜ ಹೋಗಿದ್ದವು. ಜೀಪಿನಿಂದ ಕಟ್ಟು ತರಿಸಿ ಕೊಟ್ಟ. ನಾನು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಂಕಿಯಲ್ಲಿ ಇನ್ನೂ ಚುರುಗುಟ್ಟುತ್ತಿದ್ದ ಕೊಬ್ಬನ್ನು ಕೋಲಿನಿಂದ ಎಳೆದು ಅವನ ಕಾಲ ಬುಡಕ್ಕೆ ಹಾಕಿದೆ.

"ಬಾದಾಮಿ ನಿಲ್ಲಿಸಿ. ಗದ್ದೆಗೆ ಬಿಟ್ಟು ಓಡಾಡಿಸಿ."

"ಇಷ್ಟೆಯಾ?"

"ಇಷ್ಟೇ."

ಜಾಗ ನನ್ನ ಹೆಸರಿಗೆ ಆಯಿತು. ರಿಜಿಸ್ಟ್ರಾಫೀಸಿನಲ್ಲಿ ಮಲಯಾಳದಲ್ಲಿ ಎಂತದೋ ಓದಿ ಹೇಳಿದರು, ನಾನು ಕನ್ನಡದಲ್ಲಿ ಸಹಿ ಹಾಕಿದೆ.

ಮುಂದಿನ ವರ್ಷ ಅವನ ಹುಂಜಗಳು ಸಪೂರವಾಗಿ ಬಂದವು, ಸಾಲಾಗಿ ಗೆದ್ದವು. ಸೋಡಾದವನಿಗೆ ಹೊಟ್ಟೆಯುರಿ. "ಬಾಯಿ ಮುಚ್ಚಿಕೊಂಡಿದ್ದರೆ, ಬೇರೆಯವರ ಕೈಯಲ್ಲಿ ಕಟ್ಟಿಸಿಯಾದರೂ ಇನ್ನೂ ಹತ್ತು ವರ್ಷ ತಿನ್ನಬಹುದಿತ್ತು."

"ಎಲ್ಲಿ ಕೂತು ತಿನ್ನುವುದು? ಜೆಸಿಬಿಯ ಅಡಿಯಲ್ಲಾ?"

ಊರಿನವರ ಹುಂಜಗಳೇ ಸಾಯತೊಡಗಿದ್ದರಿಂದ ಕೆಲವರು ನನ್ನೊಡನೆ ಮಾತು ಬಿಟ್ಟರು. ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಜಾಗ ಮಾತ್ರ ನನ್ನದು.