ಸೀಗೆಪುಡಿಯ ಜಗಳ

ಶುಕ್ರವಾರ ನಮ್ಮತ್ತೆಗೆ ಎಣ್ಣೆ ಹಚ್ಚಿ ತಲೆಗೆ ಎರೆಯುವ ಕೆಲಸ ಮದುವೆಯಾದಾಗಿನಿಂದಲೂ ನನ್ನದು. ಅವರು ಧಾರವಾಡದವರು, ನಾನು ಮೈಸೂರಿನವಳು, ಮನೆ ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ. ನೀರು ಹಬೆಯಾಡದಿದ್ದರೆ ಅದು ಸ್ನಾನವೇ ಅಲ್ಲ ಎನ್ನುವ ಪೈಕಿ ಅವರು. ಎರಡು ವರ್ಷದ ಹಿಂದೆ, ಎರೆದು ಹತ್ತು ನಿಮಿಷಕ್ಕೆಲ್ಲ ಅವರಿಗೆ ಮೈ ಕಡಿತ ಶುರುವಾಯಿತು. ದದ್ದಿಲ್ಲ, ಗುಳ್ಳೆಯಿಲ್ಲ, ಬರೀ ಕಡಿತ. ತಪ್ಪು ಇನ್ಯಾರದ್ದು, ನನ್ನದೇ. ಊರಿನ ಸೀಗೆಪುಡಿ ಬಿಟ್ಟು ಇಲ್ಲಿನ ಕೋಯಂಬೇಡು ಮಾರುಕಟ್ಟೆಯಿಂದ ತಂದಿದ್ದೆನಲ್ಲ.

"ಅದೇನ್ ಕಲಸಿ ತಂದೀಯೋ ಆ ಪುಡ್ಯಾಗ, ಮೈಯೆಲ್ಲಾ ಸೂಜಿ ಚುಚ್ಚಿದಂಗ ಆಗ್ತದ" ಎಂದು ಪ್ರತಿ ವಾರ ಬೈಗುಳ.

ನನಗೂ ಮೂಗಿನ ತುದಿಯಲ್ಲೇ ಕೋಪ. ಕಡಲೆಹಿಟ್ಟು ಹಚ್ಚಿಕೊಳ್ಳಿ ಎಂದೆ. ಹಚ್ಚಿಕೊಂಡರು, ಆಗಲೂ ಕಡಿಯಿತು. ಬರೀ ನಾಟಕ ಎಂದುಕೊಂಡೆ. ಈ ನಡುವೆ ಅವರ ಮುಖ ಕೆಂಪಗೆ ತುಂಬಿಕೊಂಡಿತ್ತು. ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಅಕ್ಕಪಕ್ಕದವರು ಹೊಗಳಿದರೆ ನಾನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಿದ್ದೆ.

ಬೀದಿಯ ಮೂಲೆಯಲ್ಲಿ ಡಾಕ್ಟರಮ್ಮನ ಕ್ಲಿನಿಕ್. ನನ್ನ ಗಂಡನಿಗೆ ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ ಎದ್ದಾಗಲೂ ಅವರೇ ನೋಡಿದ್ದು. ಅತ್ತೆಯ ಬಿಪಿ ನೋಡಿಸಲು ಆಗಾಗ ಹೋಗುತ್ತಿದ್ದೆವು, ಆದರೆ ಮನೆಯ ಜಗಳ ಹೊರಗೆ ಹೇಳಬಾರದೆಂದು ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ತಡೆಯಲಾಗದೆ ಪುಡಿಯ ಡಬ್ಬಿಯನ್ನೇ ಅವರ ಮೇಜಿನ ಮೇಲಿಟ್ಟು, ನೀವೇ ನ್ಯಾಯ ಹೇಳಿ ಎಂದೆ.

ಅವರು ಡಬ್ಬಿ ತೆರೆಯಲೇ ಇಲ್ಲ. ಅತ್ತೆಯ ಮುಖ ನೋಡಿದರು, ಅಂಗೈ ತಿರುಗಿಸಿ ನೋಡಿದರು, ಹೊಟ್ಟೆಯ ಎಡಗಡೆ ಒತ್ತಿದರು. ಪುಡಿಯಿಲ್ಲದೆ ಬರೀ ಬಿಸಿನೀರು ಹೊಯ್ದುಕೊಂಡರೂ ಕಡಿಯುತ್ತದೆಯೇ ಎಂದು ಕೇಳಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಕ್ತ ಇರಬೇಕಾದ್ದಕ್ಕಿಂತ ಹೆಚ್ಚಾಗಿದೆ ಎಂದು ವರದಿ ಬಂದಾಗ ಅತ್ತೆಗೆ ಜಂಬವೋ ಜಂಬ. ಡಾಕ್ಟರಮ್ಮ ನಗಲಿಲ್ಲ. ಅಡ್ಯಾರ್‌ನ ಆಸ್ಪತ್ರೆಯ ರಕ್ತರೋಗ ತಜ್ಞರ ಬಳಿಗೆ ಕಳಿಸಿದರು. ಅಲ್ಲಿ ತಿಳಿಯಿತು, ಅದು ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ಬಿಸಿನೀರಿನ ಕಡಿತ, ಮುಖದ ಕೆಂಪು, ಎಲ್ಲ ಅದರದ್ದೇ. ವಾಸಿಯಾಗುವುದಿಲ್ಲ, ಆದರೆ ಹತೋಟಿಯಲ್ಲಿಡಬಹುದು. ಬಿಟ್ಟರೆ ರಕ್ತ ಗಟ್ಟಿಯಾಗಿ ಮಿದುಳಿಗೋ ಹೃದಯಕ್ಕೋ ಅಪಾಯ.

ಡಾಕ್ಟರಮ್ಮ ಮನೆಗೇ ಬಂದು, ಅತ್ತೆಯ ಕೈ ಹಿಡಿದುಕೊಂಡು ಎಲ್ಲವನ್ನೂ ತಮಿಳಿನಲ್ಲಿ ಬಿಡಿಸಿ ಹೇಳಿದರು. ಹೋಗುವಾಗ ನನ್ನ ಕಡೆ ತಿರುಗಿ, "ನೀವಿಬ್ಬರೂ ನನ್ನ ಮುಂದೆಯೇ ಜಗಳವಾಡಿದ್ದರೆ ನನಗೆ ವರ್ಷದ ಹಿಂದೆಯೇ ಗೊತ್ತಾಗುತ್ತಿತ್ತು" ಎಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ದಿನಕ್ಕೊಂದು ಸಣ್ಣ ಮಾತ್ರೆ, ಕೆಲವು ವಾರಗಳಿಗೊಮ್ಮೆ ಅಡ್ಯಾರ್‌ನಲ್ಲಿ ಒಂದು ಚೀಲ ರಕ್ತ ತೆಗೆಸುವುದು. ನಡುವೆ ಕಣ್ಣಿಟ್ಟು ಕಾಯುವುದು ಡಾಕ್ಟರಮ್ಮನ ಪಾಲು. ಕ್ಲಿನಿಕ್ಕಿನಲ್ಲಿ ಅವರ ಮೊದಲ ಪ್ರಶ್ನೆ, ಈ ವಾರ ಏನು ಜಗಳ? ನಾವು ಪೈಪೋಟಿಯ ಮೇಲೆ ದೂರು ಹೇಳುತ್ತಿದ್ದೆವು.

ಹೋದ ತಿಂಗಳು ಮಾತ್ರ ನಾನು ಹೆಮ್ಮೆಯಿಂದ, ಮೂರು ದಿನದಿಂದ ಜಗಳವೇ ಇಲ್ಲ ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ತಲೆನೋವಿದೆಯೇ ಎಂದು ಅತ್ತೆಯನ್ನು ಕೇಳಿದರು. ಅತ್ತೆ ತಲೆ ತಗ್ಗಿಸಿದರು.

"ತಲಿ ಸಿಡೀತದ, ಕಣ್ಣ ಮುಂದ ಮಬ್ಬು. ಇಕಿಗೆ ಬೈಲಿಕ್ಕೂ ತ್ರಾಣ ಇಲ್ಲ ನೋಡ್ರಿ."

ಡಾಕ್ಟರಮ್ಮ ಅಲ್ಲಿಂದಲೇ ತಜ್ಞರಿಗೆ ಫೋನ್ ಮಾಡಿ ನಮ್ಮನ್ನು ಆಟೋ ಹತ್ತಿಸಿದರು. ಅವತ್ತೇ ರಕ್ತ ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಲಕ್ವ ಹೊಡೆಯಬಹುದಿತ್ತಂತೆ.

ಮೊನ್ನೆ ಶುಕ್ರವಾರ ಡಾಕ್ಟರಮ್ಮ ಹೇಳಿದಂತೆ ಉಗುರುಬೆಚ್ಚಗಿನ ನೀರು ಎರೆದೆ.

"ಇದೇನ್ ನೀರ ಇದು, ಕೊಲ್ಲಬೇಕಂತ ಮಾಡಿಯೇನ? ನಿಮ್ಮ ಮೈಸೂರಾಗ ಹಿಂಗ ಎರೀತಾರೇನ?" ಎಂದು ಶುರು ಮಾಡಿದರು ಅತ್ತೆ.

ಬೈಗುಳ ಬೇಗ ಮುಗಿಯದಿರಲಿ ಎಂದು ತಂಬಿಗೆಯನ್ನು ಆದಷ್ಟು ನಿಧಾನವಾಗಿ ತುಂಬಿಸಿದೆ.