ಬೆರಳಿಗೆ ಗೊತ್ತಿಲ್ಲದ ತಲೆ

ನನ್ನ ಚಿಕ್ಕಪ್ಪ ಕ್ಷೌರಿಕ. ಬಾಯಿ ಬಡಾಯಿಯದು, ಕೈ ಚಿನ್ನದ್ದು. ಗಂಡಸಿರಲಿ ಹೆಂಗಸಿರಲಿ, ಕುರ್ಚಿಯಲ್ಲಿ ಕೂತವರ ತಲೆಯನ್ನು ಮೊದಲು ಕಣ್ಣು ಮುಚ್ಚಿ ತಡವಿ ನೋಡುವುದು ಅವನ ಪದ್ಧತಿ. ಎರಡು ಸುಳಿ ಸಿಕ್ಕರಂತೂ "ಎರಡನೇ ಮದುವೆ ಯಾವಾಗ?" ಎಂದು ಕಿಚಾಯಿಸದೆ ಬಿಡುತ್ತಿರಲಿಲ್ಲ. ಚಿಕ್ಕಮ್ಮ ಮಾತ್ರ ತನ್ನ ಕೂದಲ ತುದಿಯನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದಳು. "ದಿನವೆಲ್ಲ ತಲೆ ಹಿಡಿದು ಬಂದೋರಿಗೆ ಮನೇಲೂ ಅದೇನಾ, ಪಾಪ" ಅನ್ನುತ್ತಿದ್ದಳು.

ಹೋದ ವರ್ಷ ಅವನ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಜೀವ ಉಳಿಯಿತು, ಕೈಕಾಲು ನೆಟ್ಟಗಿದ್ದವು. ಮುಖಗಳು ಮಾತ್ರ ಹೋದವು. ಕಣ್ಣು ಮೂಗು ಬಿಡಿಬಿಡಿಯಾಗಿ ಕಾಣುತ್ತಿದ್ದವು, ಯಾರದೆಂದು ತಿಳಿಯುತ್ತಿರಲಿಲ್ಲ. ಮಾತಾಡಿದರೆ ದನಿಯಿಂದ ಗುರುತು ಹಿಡಿಯುತ್ತಿದ್ದ. ಮುಖ ಗುರುತಿಸುವ ಜಾಗ ಬೇರೆ, ದನಿಯದು ಬೇರೆ, ಕೈಯ ನೆನಪಿನದು ಬೇರೆ ಎಂದರು ಡಾಕ್ಟರು. ತಲೆಯೊಳಗೆ ಒಬ್ಬ ಯಜಮಾನ ಕೂತು ಎಲ್ಲ ನೋಡಿಕೊಳ್ಳುತ್ತಾನೆಂದು ನಾನು ನಂಬಿದ್ದೆ. ಯಜಮಾನನೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ! ಅದೊಂದು ಒಟ್ಟು ಕುಟುಂಬವಂತೆ. ಒಂದು ಕೋಣೆಗೆ ಬೀಗ ಬಿದ್ದರೂ ಪಕ್ಕದ ಕೋಣೆಯಲ್ಲಿ ಕೆಲಸ ನಡೆದೇ ಇರುತ್ತದಂತೆ.

ನಡೆಯಿತು ಕೂಡ. ಅಂಗಡಿ ಮತ್ತೆ ತೆರೆದ. ಎದುರಿನ ದರ್ಜಿ ಬೇಕೆಂದೇ ತುಟಿ ಬಿಚ್ಚದೆ ಬಂದು ಕೂತ. ಚಿಕ್ಕಪ್ಪ ತಲೆ ತಡವಿದವನೇ, "ಏನಯ್ಯಾ ದರ್ಜಿ, ನನಗೇ ಪರೀಕ್ಷೆನಾ?" ಎಂದ. ಅಂಗಡಿಯೆಲ್ಲ ನಗು.

ಇದು ಚಿಕ್ಕಮ್ಮನ ಕಿವಿಗೆ ಬಿತ್ತು. ಅವಳು ಬಾಯಿ ತೆರೆಯುವವರೆಗೂ ಅವನು ಯಾರೋ ಎಂಬಂತೆ ನೋಡುತ್ತಿದ್ದುದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. "ದರ್ಜಿನ ಕಂಡುಹಿಡಿದ ಕೈ ನನ್ನ ಬಿಡುತ್ತಾ?" ಎಂದು ಹೊರಟೇಬಿಟ್ಟಳು. ಬಟ್ಟೆಯಿಂದ ಗುರುತು ಸಿಗಬಾರದೆಂದು ನನ್ನ ಹೆಂಡತಿಯ ಸೀರೆ ಉಟ್ಟಿದ್ದಳು. ಬೇಡ ಅಂದೆ. ಕೇಳಬೇಕಲ್ಲ! ನಾನೂ ಹಿಂದೆ ಹೋಗಿ ಅಂಗಡಿ ಬಾಗಿಲಲ್ಲಿ ತೆಪ್ಪಗೆ ನಿಂತೆ.

ಅವಳು ಕೂತಳು. ಚಿಕ್ಕಪ್ಪ ಕಣ್ಣು ಮುಚ್ಚಿದ. ಬೆರಳುಗಳು ನೆತ್ತಿಯಿಂದ ಹಿಂದಲೆಗೆ ಇಳಿದು, ಮತ್ತೆ ಹತ್ತಿ, ಕಿವಿಯ ಹಿಂದೆ ನಿಂತವು.

"ಹೊಸಬರಾ, ಅಮ್ಮಾ? ಈ ಅಂಗಡಿಗೆ ಇದೇ ಮೊದಲು ಅನ್ಸುತ್ತೆ."

ಬೆರಳು ಸುಳ್ಳು ಹೇಳಿರಲಿಲ್ಲ. ಊರವರ ತಲೆಗಳನ್ನೆಲ್ಲ ಬಲ್ಲ ಆ ಕೈ ಈ ತಲೆಯನ್ನು ಹೀಗೆ ಒಮ್ಮೆಯೂ ತಡವಿರಲಿಲ್ಲ.

ಚಿಕ್ಕಮ್ಮ ಕಣ್ಣೊರೆಸಿಕೊಂಡು, "ಹೌದು, ಇದೇ ಮೊದಲು. ನಿಧಾನವಾಗಿ ನೋಡ್ಕೊಳ್ಳಿ" ಎಂದಳು.

ದನಿ ಕೇಳಿ ಚಿಕ್ಕಪ್ಪ ಬೆಚ್ಚಿಬಿದ್ದ. ಕೈಗೆತ್ತಿಕೊಂಡಿದ್ದ ಕತ್ತರಿ ಕೆಳಗಿಟ್ಟು, ಕಣ್ಣು ಮುಚ್ಚಿ, ನೆತ್ತಿಯಿಂದ ಮತ್ತೆ ಶುರುಮಾಡಿದ. ಕಾಯುತ್ತಿದ್ದ ಗಿರಾಕಿಗಳನ್ನು ನಾಳೆ ಬನ್ನಿ ಎಂದು ನಾನೇ ಕಳಿಸಿದೆ.